ಜನ ಹೆಚ್ಚಿದರು, ಕೆರೆ ಬೇಡವಾಯಿತು

ಬೆಂಗಳೂರಿನ ಕೆರೆಗಳಿಗೆ ಏನಾಯಿತು ಎಂದು ಯಾರನ್ನೇ ಕೇಳಿದರೂ ಸಿಗುವ ಉತ್ತರ ಒಂದೇ: ಜನ ಜಾಸ್ತಿಯಾದರು, ಕೆರೆಗಳು ಹೋದವು. ಮೇಲುನೋಟದ ಲೆಕ್ಕಕ್ಕೆ ಈ ಮಾತು ಸರಿಯಾಗಿಯೇ ಕಾಣುತ್ತದೆ. 1901ರ ಜನಗಣತಿಯಲ್ಲಿ ಪೇಟೆ, ದಂಡು ಎರಡನ್ನೂ ಸೇರಿಸಿದರೆ ಊರಿನಲ್ಲಿದ್ದವರು ಸುಮಾರು 1.6 ಲಕ್ಷ. 1951ರ ಹೊತ್ತಿಗೆ ಆ ಸಂಖ್ಯೆ ಎಂಟು ಲಕ್ಷದ ಹತ್ತಿರ ಬಂತು. 2011ರಲ್ಲಿ 84 ಲಕ್ಷ ದಾಟಿತು. ಇಷ್ಟು ಜನ ಬಂದು ನೆಲೆಸಿದ ಮೇಲೆ ಕೆರೆಯಂಗಳ ಉಳಿಯುವುದುಂಟೇ ಎಂಬ ಪ್ರಶ್ನೆಗೆ ಎದುರಾಡುವುದು ಕಷ್ಟ. ಆದರೆ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಈ ವಿವರಣೆ ಸಡಿಲವಾಗುತ್ತದೆ. ಊರಿನ ನಡುವೆಯೇ ಇದ್ದ ಧರ್ಮಾಂಬುಧಿ ಮತ್ತು ಸಂಪಂಗಿ ಕೆರೆಗಳು ಬತ್ತಿ ಬಯಲಾಗತೊಡಗಿದ್ದು ಊರಿನ ಜನಸಂಖ್ಯೆ ಇನ್ನೂ ನಾಲ್ಕು ಲಕ್ಷ ಮುಟ್ಟದಿದ್ದ ಕಾಲದಲ್ಲಿ. ಇಂದಿನ ಒಂದೆರಡು ಬಡಾವಣೆಗಳಲ್ಲೇ ಅಷ್ಟು ಜನ ಸಿಕ್ಕಾರು. ಅಂದಮೇಲೆ ಕೆರೆಗಳ ಅವನತಿಗೆ ತಲೆಎಣಿಕೆಗಿಂತ ಹಿಂದಿನದೊಂದು ಕಾರಣವಿರಬೇಕು. ನನ್ನ ವಾದ ಇಷ್ಟೇ: ಜನರ ಸಂಖ್ಯೆ ಏರಿದ್ದಕ್ಕಿಂತ ಮೊದಲು, ಆ ಜನರಿಗೂ ಕೆರೆಗೂ ಇದ್ದ ನಿತ್ಯದ ವ್ಯವಹಾರ ಕಡಿದುಹೋಯಿತು. ಯಾರಿಗೂ ಬೇಡವಾದ ಕೆರೆಯ ಮೇಲೆ ಮುಂದೆ ಜನಸಂಖ್ಯೆಯ ಭಾರ ಬಿದ್ದಾಗ ಅದು ತಡೆಯಲಾರದೆ ಹೋಯಿತು.

ಬೆಂಗಳೂರು ನದಿ ದಂಡೆಯ ಊರಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕೂತಿರುವ ಈ ಊರಿನಿಂದ ನೀರು ಹೊರಗೆ ಹರಿದುಹೋಗುತ್ತದೆಯೇ ಹೊರತು ಹೊರಗಿನ ನೀರು ತಾನಾಗಿ ಇಲ್ಲಿಗೆ ಬರುವುದಿಲ್ಲ. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿಯನ್ನೋ ಅರ್ಕಾವತಿಯನ್ನೋ ಸೇರುತ್ತದೆ. ಆ ಇಳಿಜಾರಿನಲ್ಲಿ ಅಲ್ಲಲ್ಲಿ ಏರಿ ಕಟ್ಟಿ, ಮೇಲಿನ ಕೆರೆ ಕೋಡಿ ಬಿದ್ದರೆ ಹೆಚ್ಚಿದ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುವಂತೆ ಮಾಡಿದ್ದೇ ಇಲ್ಲಿನ ಜನರ ಜಾಣ್ಮೆ. 1537ರಲ್ಲಿ ಕೆಂಪೇಗೌಡರು ಕೋಟೆಪೇಟೆ ಕಟ್ಟುವುದಕ್ಕೂ ಎಷ್ಟೋ ಶತಮಾನ ಮೊದಲೇ ಈ ಕೆಲಸ ಶುರುವಾಗಿತ್ತು. ಎರಡು ಕೆರೆಗಳಿಗೆ ತೂಬು ಇರಿಸಿ, ಮೂರನೆಯದನ್ನು ಹೊಸದಾಗಿ ಕಟ್ಟಿಸಿದ ಸಂಗತಿಯನ್ನು ಅಗರದ ಗಂಗರ ಕಾಲದ ಶಾಸನವೊಂದು ಹೇಳುತ್ತದೆ. 19ನೇ ಶತಮಾನದ ಮಧ್ಯದಲ್ಲಿ ಮೈಸೂರು ಸೀಮೆಯ ನೀರಾವರಿಯನ್ನು ಪರಿಶೀಲಿಸಿದ ರಿಚರ್ಡ್ ಸ್ಯಾಂಕಿ, ಇಲ್ಲಿನ ನೆಲದ ಸುಮಾರು ಶೇ 60ರಷ್ಟು ಭಾಗದ ನೀರು ಯಾವುದೋ ಒಂದು ಕೆರೆಯ ಪಾಲಾಗುತ್ತದೆ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದು ಅಚ್ಚರಿಪಟ್ಟಿದ್ದ. ಈ ಕೆರೆಗಳು ಪ್ರಕೃತಿ ಕೊಟ್ಟ ಸರೋವರಗಳಲ್ಲ, ದುಡಿದು ಕಟ್ಟಿದಂಥವು; ವರ್ಷವರ್ಷವೂ ದುಡಿದೇ ಉಳಿಸಿಕೊಳ್ಳಬೇಕಾದಂಥವು. ಬೇಸಿಗೆಯಲ್ಲಿ ಹೂಳೆತ್ತಬೇಕು, ಏರಿಯ ಬಿರುಕು ಮುಚ್ಚಬೇಕು, ತೂಬಿನ ಕಂಡಿ ಬಿಡಿಸಬೇಕು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೀರಗಂಟಿ ನೋಡಿಕೊಳ್ಳುತ್ತಿದ್ದ. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಕಟ್ಟುಕೊಡುಗೆಯೆಂದು ಜಮೀನು ಬಿಟ್ಟುಕೊಡುವ ಪದ್ಧತಿಯಿತ್ತು. ಎತ್ತಿದ ಹೂಳು ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಜೇಡಿ ಕುಂಬಾರನ ಚಕ್ರಕ್ಕೆ ಹೋಗುತ್ತಿತ್ತು, ದಡದ ಹುಲ್ಲು ದನಕ್ಕಾಗುತ್ತಿತ್ತು. ಕೆರೆ ಬಾಳಬೇಕಾದರೆ ಅದರ ಸುತ್ತ ಜನ ಬೇಕಾಗಿತ್ತು.

ಜನ ಕಡಿಮೆಯಾದರೆ ಪರಿಸರ ತಾನಾಗಿ ಚೇತರಿಸಿಕೊಳ್ಳುತ್ತದೆ ಎಂಬ ನಂಬಿಕೆಯನ್ನು ಪರೀಕ್ಷಿಸಲು ಮೈಸೂರಿನ ಚರಿತ್ರೆಯಲ್ಲೇ ಒಂದು ಘೋರ ಪ್ರಸಂಗವಿದೆ. 1871ರಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ, 1881ರಲ್ಲಿ ಅದು 41.9 ಲಕ್ಷ. ನಡುವೆ ಬಂದದ್ದು 1876–78ರ ಬರ, ಜನರ ಬಾಯಲ್ಲಿ ಧಾತು ಈಶ್ವರ ಬರ. ಹತ್ತೇ ವರ್ಷದಲ್ಲಿ ಆರರಲ್ಲೊಂದು ಪಾಲಿನಷ್ಟು ಜನ ಕಡಿಮೆಯಾದರು. ಇದನ್ನು ಜನಬಾಹುಳ್ಯಕ್ಕೆ ನಿಸರ್ಗವೇ ಹಾಕಿದ ಕಡಿವಾಣ ಎಂದುಕೊಂಡ ಅಧಿಕಾರಿಗಳಿದ್ದರು. 1798ರಲ್ಲಿ ಜನಸಂಖ್ಯೆಯ ಕುರಿತ ತನ್ನ ಪ್ರಬಂಧವನ್ನು ಪ್ರಕಟಿಸಿದ ಮಾಲ್ಥಸ್, ಈಸ್ಟ್ ಇಂಡಿಯಾ ಕಂಪನಿಯ ನೌಕರರನ್ನು ತಯಾರು ಮಾಡುವ ಹೈಲಿಬರಿ ಕಾಲೇಜಿನಲ್ಲಿ ಪಾಠ ಹೇಳಿದವನು. ಅವನ ವಿಚಾರ ಇಲ್ಲಿನ ಆಡಳಿತದಲ್ಲಿ ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಜನ ಅಷ್ಟು ಕಡಿಮೆಯಾದರೆಂದು ಕೆರೆಗಳು ಸುಧಾರಿಸಲಿಲ್ಲ. ಹೂಳೆತ್ತುವ ಕೈ, ಏರಿ ಕಾಯುವ ಕಣ್ಣು ಎರಡೂ ಕಡಿಮೆಯಾದಲ್ಲಿ ಕೆರೆ ಸುಧಾರಿಸುವುದಾದರೂ ಹೇಗೆ? ಕಟ್ಟುಕೊಡುಗೆಯ ಹಳೆಯ ವ್ಯವಸ್ಥೆ ಸಡಿಲಗೊಂಡು, ದುರಸ್ತಿಯ ಹೊಣೆ ದೂರದ ಕಚೇರಿಗಳ ಪಾಲಾಗಿದ್ದ ಕಾಲವದು. ಕೊನೆಗೆ ಸಂಸ್ಥಾನದ ಸರ್ಕಾರ 1911ರಲ್ಲಿ ಕೆರೆ ಪಂಚಾಯತಿಗಳ ಕಾಯಿದೆಯನ್ನೇ ತಂದು ಊರಿನವರನ್ನು ಮತ್ತೆ ಕೆರೆಯ ಕೆಲಸಕ್ಕೆ ಕರೆಯಬೇಕಾಯಿತು. ಜನ ಹೆಚ್ಚಿದ್ದರಿಂದ ಕೆರೆಗೆ ತೊಂದರೆ ಎಂಬುದು ಆಗಿನ ದೂರಾಗಿರಲಿಲ್ಲ. ಜನ ಕೆರೆಯ ಕಡೆ ತಿರುಗಿ ನೋಡುತ್ತಿಲ್ಲ ಎಂಬುದೇ ದೂರಾಗಿತ್ತು.

ಬೆಂಗಳೂರಿನಲ್ಲಿ ಜನ ಕೆರೆಯಿಂದ ಮುಖ ತಿರುಗಿಸಿದ್ದಕ್ಕೆ ಸ್ಪಷ್ಟವಾದ ಇಸವಿಯೇ ಇದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಊರೊಳಗಿನ ಕೆರೆಗಳು ಬತ್ತುತ್ತಿದ್ದವು, ಉಳಿದ ನೀರು ಕೆಟ್ಟು ಕಾಲರಾ ಹರಡುತ್ತಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟಿದ ಕೆರೆಯಿಂದ ನೀರು ತರುವ ಯೋಜನೆ ಕೈಗೂಡಿತು. 1896ರ ಹೊತ್ತಿಗೆ ಊರಿಗೆ ನಲ್ಲಿ ನೀರು ಹರಿಯಿತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಬಂತು. ಅದೂ ಸಾಲದೆ 1974ರಲ್ಲಿ ತೊರೆಕಾಡನಹಳ್ಳಿಯಿಂದ ಕಾವೇರಿ ಬಂದಳು. ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ, ಮೂರು ಹಂತಗಳಲ್ಲಿ ಪಂಪು ಮಾಡಿ ತರುವ ನೀರದು. ಪ್ರತಿ ಹೆಜ್ಜೆಯಲ್ಲೂ ನೀರಿನ ಮೂಲ ಊರಿನಿಂದ ಇನ್ನಷ್ಟು ದೂರ ಸರಿಯಿತು. ಬಳಸುವವನ ಕಣ್ಣಳತೆಯಿಂದಲೂ ದೂರವಾಯಿತು. ಹೆಸರಘಟ್ಟದ ಜಲಾನಯನ ಹಾಳಾದಾಗ ತಿಪ್ಪಗೊಂಡನಹಳ್ಳಿಯಿದೆ ಎಂಬ ಧೈರ್ಯ, ಅದು ಕೆಟ್ಟಾಗ ಕಾವೇರಿಯಿದ್ದಾಳೆ ಎಂಬ ಧೈರ್ಯ. ಹಿಂದಿನದನ್ನು ಉಳಿಸಿಕೊಳ್ಳಬೇಕೆಂಬ ದರ್ದು ಯಾರಿಗೂ ಹುಟ್ಟಲಿಲ್ಲ.

ಈ ತಿರುವು ನೆಲದ ಮೇಲೆ ಹೇಗೆ ಕಂಡಿತೆಂಬುದಕ್ಕೆ ಸಂಪಂಗಿ ಕೆರೆಯ ಕಥೆ ಸಾಕು. ಅದು ಮೈಸೂರು ಅರಸರ ಪೇಟೆಗೂ ಬ್ರಿಟಿಷರ ದಂಡಿಗೂ ನಡುವಿನ ಗಡಿಯಲ್ಲಿತ್ತು. ನಲ್ಲಿ ಬರುವವರೆಗೂ ಎರಡೂ ಕಡೆಯವರಿಗೆ ಅದರ ನೀರು ಬೇಕಿತ್ತು. ನಲ್ಲಿ ಬಂದ ಮೇಲೆ ಕೆರೆಯನ್ನೇ ನೆಚ್ಚಿ ಉಳಿದವರು ಮುಖ್ಯವಾಗಿ ತೋಟಗಾರರು. ಹೂವು, ತರಕಾರಿ ಬೆಳೆದು ಊರಿಗೆ ಕೊಡುತ್ತಿದ್ದ ವಹ್ನಿಕುಲ ಕ್ಷತ್ರಿಯ ತಿಗಳರು. ಅವರಿಗೆ ಕೆರೆಯಲ್ಲಿ ನೀರು ನಿಲ್ಲಬೇಕಿತ್ತು. ದಂಡಿನ ಕಡೆಯವರಿಗೆ ಅದೇ ಅಂಗಳ ಒಣಗಿದರೆ ಪೋಲೋ ಆಡಲು ಬೇಕಿತ್ತು. ಇಟ್ಟಿಗೆ ಸುಡುವವರಿಗೆ ಅಲ್ಲಿನ ಮಣ್ಣು ಬೇಕಿತ್ತು. ಅರ್ಜಿ, ತಕರಾರುಗಳ ನಡುವೆ ಸೋತದ್ದು ನೀರು ಬೇಕೆಂದವರ ಅಹವಾಲು. ಏಕೆಂದರೆ ತೀರ್ಮಾನ ಮಾಡುವವರ ಮನೆಗೆ ನೀರು ಹೆಸರಘಟ್ಟದಿಂದ ಬರುತ್ತಿತ್ತು. 1937ರ ಹೊತ್ತಿಗೆ ವಿಶಾಲವಾದ ಕೆರೆಯಿದ್ದ ಕಡೆ ಒಂದು ಸಣ್ಣ ಕೊಳ ಮಾತ್ರ ಉಳಿದಿತ್ತು. ಮುಂದೆ ಆ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕೊಳ ಉಳಿದದ್ದಕ್ಕೂ ಕಾರಣವುಂಟು: ಕರಗದ ಆಚರಣೆಗೆ ತಿಗಳರಿಗೆ ಅದು ಇಂದಿಗೂ ಬೇಕು. ಒಂದೇ ಕೆರೆಯಲ್ಲಿ ಈ ಎರಡೂ ಪಾಠಗಳಿವೆ. ಬೇಡವಾದ ಭಾಗ ಜನ ಕಡಿಮೆಯಿದ್ದಾಗಲೇ ಹೋಯಿತು. ಬೇಕಾದ ಭಾಗ ಊರು ಕೋಟಿ ಮುಟ್ಟಿದರೂ ಉಳಿದಿದೆ.

ಕೆರೆಗಳನ್ನು ನುಂಗಿದವರು ಯಾರು ಎಂಬ ಪಟ್ಟಿಯೂ ಜನಸಂಖ್ಯೆಯ ವಾದಕ್ಕೆ ಒತ್ತಾಸೆಯಾಗುವುದಿಲ್ಲ. ಧರ್ಮಾಂಬುಧಿಯ ಅಂಗಳ ಮೊದಲು ಮೈದಾನವಾಗಿ, ಆಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಶೂಲೆ ಕೆರೆ ಫುಟ್ಬಾಲ್ ಕ್ರೀಡಾಂಗಣವಾಯಿತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣವಾಯಿತು, ಚಲ್ಲಘಟ್ಟದಲ್ಲಿ ಗಾಲ್ಫ್ ಮೈದಾನ ಬಂತು, ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ವಸತಿ ಸಮುಚ್ಚಯ ಎದ್ದಿತು. ಇವೆಲ್ಲ ಸೂರಿಲ್ಲದ ಬಡವರು ರಾತ್ರೋರಾತ್ರಿ ಹಾಕಿಕೊಂಡ ಗುಡಿಸಲುಗಳಲ್ಲ; ಸರ್ಕಾರದ ಆದೇಶದಿಂದಲೋ ಒಪ್ಪಿಗೆಯಿಂದಲೋ ಆದವು. ಬಹುಕಾಲ ಇದಕ್ಕೆ ಮಲೇರಿಯಾ ಒಂದು ಒಳ್ಳೆಯ ನೆಪವಾಗಿತ್ತು: ಸೊಳ್ಳೆ ಹುಟ್ಟುವ ಕೆರೆಯನ್ನು ಮುಚ್ಚಿದರೆ ಆರೋಗ್ಯವೂ ಆಯಿತು, ಜಾಗವೂ ಸಿಕ್ಕಿತು. ಊರಿನ ನಡುವೆ ಸರ್ಕಾರಕ್ಕೆ ಪುಕ್ಕಟೆಯಾಗಿ ಸಿಗುವ ದೊಡ್ಡ ಬಯಲೆಂದರೆ ಕೆರೆಯಂಗಳವೇ. 1980ರ ದಶಕದ ಮಧ್ಯದಲ್ಲಿ ಎನ್. ಲಕ್ಷ್ಮಣ ರಾವ್ ಸಮಿತಿ ಉಳಿದ ಕೆರೆಗಳನ್ನು ಮುಚ್ಚಬಾರದು, ಒಡೆಯಬಾರದು ಎಂದು ಶಿಫಾರಸು ಮಾಡಿತು. ಆಮೇಲೂ ಕೆರೆಗಳಿಗಾಗಿ ಒಂದರ ಮೇಲೊಂದು ಪ್ರಾಧಿಕಾರಗಳಾದವು. ಆದರೆ ಕೆರೆಯನ್ನು ನೆಚ್ಚಿ ಬದುಕುವವರಿಲ್ಲದ ಕಡೆ ಕಡತ ಎಷ್ಟು ಕಾಯಬಲ್ಲದೋ ಅಷ್ಟೇ ಕಾಯಿತು.

ಇಲ್ಲಿ ಒಂದು ಆಕ್ಷೇಪ ನ್ಯಾಯವಾಗಿಯೇ ಬರುತ್ತದೆ. ಹಳೆಯ ಕೆರೆಗಳ ಮಾತು ಹೇಗೇ ಇರಲಿ, 1980ರ ನಂತರ ಬೆಳ್ಳಂದೂರು, ವರ್ತೂರಿಗೆ ಆದದ್ದು ಜನಸಂಖ್ಯೆಯಿಂದಲೇ ಅಲ್ಲವೇ? 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು. 2017ರಲ್ಲಿ, ಮತ್ತೆ 2018ರ ಜನವರಿಯಲ್ಲಿ ಕೆರೆಯಂಗಳದಿಂದ ಹೊಗೆ ಎದ್ದಿತು, ಕೊನೆಯ ಸಲವಂತೂ ಬೆಂಕಿ ಆರಿಸಲು ಸೇನೆಯವರೂ ಬರಬೇಕಾಯಿತು. ಲಕ್ಷಾಂತರ ಮನೆಗಳ ಬಚ್ಚಲು, ಕಕ್ಕಸಿನ ನೀರು ಸೇರದಿದ್ದರೆ ಇದಾಗುತ್ತಿತ್ತೇ? ಖಂಡಿತ ಆಗುತ್ತಿರಲಿಲ್ಲ. ಜನಸಂಖ್ಯೆಗೆ ಭಾರವೇ ಇಲ್ಲ ಎಂದು ಯಾರೂ ಹೇಳಲಾರರು. ಆದರೆ ಆ ಭಾರ ಕೆರೆಗೆ ಮುಟ್ಟಿದ ದಾರಿಯನ್ನು ಗಮನಿಸಬೇಕು. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂಬುದು ಎಂಜಿನಿಯರುಗಳು ಮೊದಲಿನಿಂದ ಹಿಡಿಯುವ ಲೆಕ್ಕ. ಅಂದರೆ ಕಾವೇರಿಯ ಒಂದೊಂದು ಹಂತವೂ ಹೊಸ ನೀರಿನ ಜೊತೆಗೆ ಹೊಸ ಕೊಳಚೆಯ ಹಂತವೂ ಹೌದು. ಒಳಬರುವ ಕೊಳವೆಗೆ ಸಿಕ್ಕ ಹಣ, ಆತುರ ಹೊರಹೋಗುವ ಕೊಳವೆಗೆ ಸಿಗಲಿಲ್ಲ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಾಡಿದಾಗ, ಆ ಹಳ್ಳಿಗಳಲ್ಲಿ ಬೋರ್‌ವೆಲ್, ಟ್ಯಾಂಕರ್ ನೀರಿನ ಮೇಲೆ ಅಪಾರ್ಟ್‌ಮೆಂಟುಗಳು ಏಳುತ್ತಲೇ ಇದ್ದವು. ಒಳಚರಂಡಿ ಮಾತ್ರ ಇರಲಿಲ್ಲ. ಆ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೇ ಹಂತ ಬಂದದ್ದು 2024ರಲ್ಲಿ. ಅಲ್ಲಿಯವರೆಗೆ ಕೊಳಚೆಗೆ ಸಿಕ್ಕ ಸಿದ್ಧ ದಾರಿಯೆಂದರೆ ರಾಜಕಾಲುವೆ. ಮಳೆನೀರನ್ನು ಕೆರೆಯಿಂದ ಕೆರೆಗೆ ಒಯ್ಯಲು ಹಿಂದಿನವರು ತೋಡಿದ ಕಾಲುವೆಯೇ ಸಾಬೂನು, ರಂಜಕ, ಮಲವನ್ನು ಒಯ್ದು ಕೆಳಗಿನ ಕೆರೆಗೆ ಸುರಿಯಿತು. ಅದನ್ನುಂಡು ಅಂತರಗಂಗೆ ಹಬ್ಬಿತು, ತಳದಲ್ಲಿ ಕೊಳೆತದ್ದು ಅನಿಲವಾಯಿತು. ಊರು ಕೆರೆಯನ್ನು ನೀರಿನ ಮೂಲವೆಂದು ಬಗೆದಿದ್ದ ಕಾಲದಲ್ಲಿ ಇಷ್ಟು ಕೊಳಚೆಯನ್ನು ಇಷ್ಟು ವರ್ಷ ಯಾರೂ ಸಹಿಸುತ್ತಿರಲಿಲ್ಲ.

ಸಂಖ್ಯೆಯನ್ನೇ ನೆಚ್ಚುವವರಿಗೆ ಸಂಖ್ಯೆಯಲ್ಲೇ ಉತ್ತರವಿದೆ. 1971ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 16.5 ಲಕ್ಷ; 2011ಕ್ಕೆ ಅದು ಐದು ಪಟ್ಟಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನದ ಪ್ರಕಾರ 1973ರಿಂದ ಸುಮಾರು ನಾಲ್ಕೂವರೆ ದಶಕಗಳಲ್ಲಿ ಕಟ್ಟಡ, ರಸ್ತೆ, ಕಾಂಕ್ರೀಟು ಮುಚ್ಚಿದ ನೆಲ ಹತ್ತು ಪಟ್ಟಿಗೂ ಮೀರಿ ಹೆಚ್ಚಿತು. ಜಲಪ್ರದೇಶ ಶೇ 79ರಷ್ಟು ಕುಗ್ಗಿತು. ಎರಡು ಲೆಕ್ಕಗಳ ಅವಧಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಹೊಂದುವುದಿಲ್ಲವಾದರೂ ದಿಕ್ಕು ಸ್ಪಷ್ಟ: ನೆಲ ಮುಚ್ಚಿದ ವೇಗ ಜನ ಹೆಚ್ಚಿದ ವೇಗವನ್ನು ಬಹಳ ಹಿಂದೆ ಹಾಕಿದೆ. ಒಬ್ಬೊಬ್ಬರ ಪಾಲಿಗೆ ಬೀಳುವ ಕಾಂಕ್ರೀಟೇ ಹೆಚ್ಚಾಗಿದೆ. ಊರ ಹೊರಗೆ ಅರ್ಕಾವತಿಯ ಜಲಾನಯನದಲ್ಲೂ ಇದೇ ಪಾಠ. ಅಲ್ಲಿ ಮಳೆ ಹೇಳಿಕೊಳ್ಳುವಷ್ಟು ಕಡಿಮೆಯಾಗಿಲ್ಲ; ಆದರೂ ಹೊಳೆ ಬತ್ತಿತು. ಬೋರ್‌ವೆಲ್ಲುಗಳು ಅಂತರ್ಜಲವನ್ನು ಹೊಳೆಯ ಮಟ್ಟದಿಂದ ಎಷ್ಟೋ ಕೆಳಕ್ಕೆ ಇಳಿಸಿದವು; ರಾಗಿ ಹೊಲಗಳಿದ್ದ ಕಡೆ ನೀಲಗಿರಿ ತೋಪುಗಳೆದ್ದು ಬಿದ್ದ ಮಳೆಯನ್ನು ಬೇರಿನಲ್ಲೇ ಹೀರಿಕೊಂಡವು. ನೀಲಗಿರಿ ನೆಡುವುದಕ್ಕೆ ಜನ ಹೆಚ್ಚಬೇಕಾಗಿಲ್ಲ. ಬೇಸಾಯಕ್ಕೆ ಆಳು ಸಿಗದೆ, ಜಮೀನಿನ ಒಡೆಯ ಊರಲ್ಲಿ ಇಲ್ಲದೆ ಹೋದರೂ ಸಾಕು.

ಇಷ್ಟಾದರೂ ಕೋಟಿ ಮೀರಿದ ಜನರಿಗೆ ಕೆರೆ ನೀರು ಸಾಲುವುದುಂಟೇ ಎಂಬ ಪ್ರಶ್ನೆ ಉಳಿಯುತ್ತದೆ. ಸಣ್ಣದೊಂದು ಲೆಕ್ಕ ಹಾಕೋಣ. ಬೃಹತ್ ಬೆಂಗಳೂರಿನ ವಿಸ್ತೀರ್ಣ ಸುಮಾರು 740 ಚದರ ಕಿಲೋಮೀಟರ್. ವರ್ಷಕ್ಕೆ 900 ಮಿಲಿಮೀಟರ್ ಮಳೆಯೆಂದು ಹಿಡಿದರೂ ಈ ನೆಲದ ಮೇಲೆ ಬೀಳುವ ನೀರನ್ನು ದಿನಕ್ಕೆ ಹಂಚಿದರೆ 180 ಕೋಟಿ ಲೀಟರ್ ದಾಟುತ್ತದೆ. ಕಾವೇರಿಯ ಮೊದಲ ನಾಲ್ಕು ಹಂತಗಳು ಸೇರಿ ತರುತ್ತಿದ್ದದ್ದು ದಿನಕ್ಕೆ 145 ಕೋಟಿ ಲೀಟರ್. ಮಳೆಯೆಲ್ಲವನ್ನೂ ಹಿಡಿದಿಡಲಾಗದು, ಆವಿಯಾಗುವುದು, ಇಂಗುವುದು, ಹರಿದುಹೋಗುವುದು ಇದ್ದೇ ಇದೆ. ಕಾವೇರಿಯ ಹಂಗೇ ಬೇಡ ಎನ್ನಲು ಈ ಲೆಕ್ಕ ಸಾಲದು, ನಾನು ಹಾಗೆ ಹೇಳುತ್ತಲೂ ಇಲ್ಲ. ಆದರೆ ನೂರು ಕಿಲೋಮೀಟರ್ ದೂರದ ನೀರಿಗೆ ಕರೆಂಟು ಸುರಿಯುವ ಊರು ತನ್ನ ತಲೆಯ ಮೇಲೆ ಬೀಳುವ ಇಷ್ಟೊಂದು ನೀರನ್ನು ಚರಂಡಿಗೆ ಬಿಟ್ಟು, ಮಳೆಗಾಲದಲ್ಲಿ ಬಡಾವಣೆ ಮುಳುಗಿತೆಂದೂ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿತೆಂದೂ ಗೋಳಾಡುವುದಕ್ಕೆ ಜನಸಂಖ್ಯೆಯೊಂದನ್ನೇ ಹೊಣೆ ಮಾಡುವುದು ನ್ಯಾಯವಲ್ಲ.

ಇನ್ನೊಂದು ಆಕ್ಷೇಪ ಹಳೆಯ ವ್ಯವಸ್ಥೆಯ ಕುರಿತದ್ದು. ಕೆರೆಯ ಕಾಲವನ್ನು ಹೊಗಳುವವರು ಆ ಕಾಲದ ನ್ಯಾಯವನ್ನು ಮರೆಯುತ್ತಾರೆ ಎನ್ನುತ್ತಾರೆ, ಇದು ನಿಜ. ಹೂಳೆತ್ತಿದ್ದು ಬಿಟ್ಟಿ ದುಡಿಮೆಯೂ ಆಗಿತ್ತು. ಕೆರೆಗಾಗಿ ಬೆವರು ಸುರಿಸಿದ ದಲಿತರಿಗೆ ಎಷ್ಟೋ ಊರುಗಳಲ್ಲಿ ಅದೇ ನೀರು ಮುಟ್ಟುವ ಹಕ್ಕಿರಲಿಲ್ಲ. ತೂಬಿನ ಬಾಗಿಲು ಕಾಯುತ್ತಿದ್ದ ನೀರಗಂಟಿಯೂ ಹೆಚ್ಚಿನ ಕಡೆ ಅದೇ ಸಮುದಾಯದವನು. ನಲ್ಲಿ ನೀರು ಕಾಲರಾದಿಂದ ಜೀವ ಉಳಿಸಿತು, ಕೊಡ ಹೊರುವ ಹೆಂಗಸರ ಬೆನ್ನು ಉಳಿಸಿತು. ಹೆಸರಘಟ್ಟದ ಯೋಜನೆಯನ್ನು ತಪ್ಪು ಎನ್ನುವವರು ಯಾರೂ ಇರಲಾರರು. ತಪ್ಪಿದ್ದು ಬೇರೆ ಕಡೆ. ಕುಡಿಯುವ ನೀರಿನ ಕೆಲಸ ಕೆರೆಯಿಂದ ತಪ್ಪಿದಾಗ ಅದಕ್ಕೆ ಇನ್ನೂ ನಾಲ್ಕು ಕೆಲಸಗಳಿದ್ದವು: ಅಂತರ್ಜಲ ತುಂಬುವುದು, ಮಳೆಯ ನೆರೆ ತಡೆಯುವುದು, ತೋಟಕ್ಕೆ ನೀರು ಕೊಡುವುದು, ಬಳಸಿದ ನೀರನ್ನು ತಿಳಿಗೊಳಿಸುವುದು. ಕುಡಿಯುವ ನೀರು ಬಿಟ್ಟರೆ ಕೆರೆಗೆ ಬೇರೆ ಕೆಲಸವೇ ಇಲ್ಲವೆಂಬಂತೆ ಅದನ್ನು ಖಾಲಿ ನಿವೇಶನವಾಗಿ ಎಣಿಸಿದ್ದು ಆಡಳಿತದ ತೀರ್ಮಾನ. ಅದನ್ನು ಆಗ ತಿದ್ದಬಹುದಾಗಿತ್ತು, ಈಗಲೂ ತಿದ್ದಬಹುದು. ಅದಕ್ಕಾಗಿ ಬಿಟ್ಟಿ ದುಡಿಮೆಯ ಕಾಲಕ್ಕೆ ಮರಳಬೇಕಾಗಿಲ್ಲ.

ಜನಸಂಖ್ಯೆಯನ್ನೇ ದೂರುವುದರಿಂದ ಆಗುವ ದೊಡ್ಡ ನಷ್ಟವೆಂದರೆ ಪರಿಹಾರವನ್ನು ತಪ್ಪು ಜಾಗದಲ್ಲಿ ಹುಡುಕುವಂತಾಗುವುದು. ಕುಟುಂಬ ಯೋಜನೆಯಲ್ಲಿ ಈ ನಾಡು ಹಿಂದೆ ಬಿದ್ದಿಲ್ಲ. ಜಗತ್ತಿನಲ್ಲೇ ಮೊದಲೆನ್ನುವ ಸರ್ಕಾರಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ಮೈಸೂರು ಸರ್ಕಾರ 1930ರಲ್ಲೇ ತೆರೆಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ಇದ್ದಷ್ಟೇ ಇರಲು ಬೇಕಾದ 2.1ಕ್ಕಿಂತಲೂ ಕಡಿಮೆ. ಆದರೂ ಬೆಂಗಳೂರು ಬೆಳೆಯುತ್ತಲೇ ಇದೆ, ಏಕೆಂದರೆ ಊರು ಬೆಳೆಯುವುದು ಹೆರಿಗೆ ವಾರ್ಡಿನಿಂದಲ್ಲ, ದುಡಿಮೆ ಹುಡುಕಿ ಬಂದವರಿಂದ. ನಾಳೆ ನಾಡಿನಲ್ಲಿ ಜನಸಂಖ್ಯೆ ಇಳಿಯತೊಡಗಿದರೂ ಬೆಳ್ಳಂದೂರಿಗೆ ಸೇರುವ ಕೊಳಚೆ ಇಳಿಯುವ ಖಾತರಿಯಿಲ್ಲ.

ಜನ ಮತ್ತು ಕೆರೆಯ ನಡುವೆ ವ್ಯವಹಾರ ಮತ್ತೆ ಕೂಡಿಕೊಂಡರೆ ಏನಾಗಬಹುದೆಂಬುದಕ್ಕೂ ಪುರಾವೆಯಿದೆ. ಜಕ್ಕೂರಿನಲ್ಲಿ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಜೊಂಡಿನ ಜೌಗಿನಲ್ಲಿ ಹಾದು ಕೆರೆ ತುಂಬುತ್ತದೆ. ಕೈಕೊಂಡರಹಳ್ಳಿಯಲ್ಲಿ ಸುತ್ತಲಿನ ನಿವಾಸಿಗಳೇ ಮುಂದೆ ನಿಂತು ಕೆರೆಗೆ ಜೀವ ತಂದರು. ಎಲ್ಲಕ್ಕಿಂತ ದೊಡ್ಡ ಪ್ರಯೋಗ ಕೋರಮಂಗಲ–ಚಲ್ಲಘಟ್ಟ ಕಣಿವೆಯದು. ಅಲ್ಲಿ ಶುದ್ಧೀಕರಿಸಿದ ಬೆಂಗಳೂರಿನ ಕೊಳಚೆ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಎರಡನೇ ಹಂತದ ಶುದ್ಧೀಕರಣ ಸಾಕೇ ಎಂಬ ತಕರಾರು ನ್ಯಾಯಾಲಯದ ಮೆಟ್ಟಿಲೇರಿತು. ಆ ಎಚ್ಚರ ಬೇಕಾದದ್ದೇ, ಕುಡಿಯುವ ಬಾವಿಗಳಿಗೆ ಇಳಿಯುವ ನೀರಿನಲ್ಲಿ ರಾಜಿಗೆ ಎಡೆಯಿಲ್ಲ. ಆದರೆ ತತ್ವ ಗಮನಿಸಿ: ಬರದ ಸೀಮೆಯ ಕೆರೆ ತುಂಬಿದ್ದು ಬೆಂಗಳೂರಿನ ಜನ ಬಳಸಿ ಬಿಟ್ಟ ನೀರಿನಿಂದ. ಬೆಳ್ಳಂದೂರನ್ನು ಸುಟ್ಟ ಹೊರೆಯೇ ಅಲ್ಲಿ ಆಸ್ತಿಯಾಯಿತು. ತಲೆ ಅವವೇ, ನೀರೂ ಅದೇ. ನಡುವೆ ಬಂದದ್ದು ಒಂದು ಶುದ್ಧೀಕರಣ ಘಟಕ ಮತ್ತು ನೀರು ಬೇಕೆಂದು ಕಾದಿದ್ದ ರೈತ. ಆದ್ದರಿಂದ ಹೊಸ ಬಡಾವಣೆಗೆ ಮಂಜೂರಾತಿ ಕೊಡುವಾಗ ಎಷ್ಟು ಜನ ಬರುತ್ತಾರೆ ಎಂದು ಕೇಳಿದರೆ ಸಾಲದು. ಅವರು ಬಳಸಿದ ನೀರು ಯಾವ ಕೆರೆಗೆ ಹೋಗುತ್ತದೆ, ಎಷ್ಟು ಶುದ್ಧವಾಗಿ ಹೋಗುತ್ತದೆ, ಆ ಕೆರೆ ಕೆಟ್ಟರೆ ಮೊದಲು ಬತ್ತುವುದು ಯಾರ ಬೋರ್‌ವೆಲ್ ಎಂದೂ ಕೇಳಬೇಕು. ಕೆರೆ ಕೆಟ್ಟ ನಷ್ಟ ಕೆಡಿಸಿದವರ ಮನೆ ಬಾಗಿಲಿಗೇ ಬರುವಂತಾದರೆ, ಅದನ್ನು ಕಾಯುವವರಿಗಾಗಿ ಊರು ಬೇರೆಲ್ಲೂ ಹುಡುಕಬೇಕಾಗಿಲ್ಲ.